25 ದಿನದ ಕರೆಂಟ್ 15ಕ್ಕೆ ಇಳಿದದ್ದು ಯಾಕೆ?

ಪ್ರಶ್ನೆ: ನಮಸ್ತೆ ಸರ್. ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ಅಮ್ಮನಿಗೆ 56 ವರ್ಷ, ಶುಗರ್ ಇದೆ. ಎಡಗಡೆ ಸ್ತನದಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು. ಸ್ತನ ಉಳಿಸಿ ಗಡ್ಡೆ ಮಾತ್ರ ತೆಗೆದಿದ್ದಾರೆ. ಕಂಕುಳಿನ ಗಂಟುಗಳಲ್ಲಿ ಏನೂ ಇಲ್ಲ ಅಂತ ರಿಪೋರ್ಟ್ ಬಂದಿದೆ. ಕೀಮೋ ಮುಗಿಯಿತು. ಈಗ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಬೇಕು, 15 ದಿನ ಸಾಕು ಅಂದರು. ಒಂಬತ್ತು ವರ್ಷದ ಹಿಂದೆ ನಮ್ಮ ದೊಡ್ಡಮ್ಮನಿಗೆ ಇದೇ ಕಾಯಿಲೆಗೆ 25 ದಿನ ಕೊಟ್ಟು, ಮೇಲೆ ಇನ್ನೂ 5 ದಿನ ಕೊಟ್ಟಿದ್ದರು. ನಾವು ಆಯುಷ್ಮಾನ್ ಕಾರ್ಡ್‌ನಲ್ಲಿ ಮಾಡಿಸುತ್ತಿರುವುದಕ್ಕೆ ದಿನ ಕಡಿಮೆ ಮಾಡಿದ್ದಾರಾ? ಇನ್ನೊಂದು ಆಸ್ಪತ್ರೆಯಲ್ಲಿ 5 ದಿನ ಸಾಕು ಅನ್ನುತ್ತಾರೆ. ಚೆನ್ನೈಯಲ್ಲಿರುವ ಮಾವ ಪ್ರೋಟಾನ್ ಅನ್ನುವ ಬೇರೆ ತರಹದ ಕಿರಣದ ಚಿಕಿತ್ಸೆ ಮಾಡಿಸಿ, ಇಲ್ಲದಿದ್ದರೆ ಹೃದಯ ಹಾಳಾಗುತ್ತೆ ಅನ್ನುತ್ತಾರೆ. ಅಮ್ಮನಿಗೆ ಇರುವ ಚಿಂತೆಯೇ ಬೇರೆ. ಮನೆಯಲ್ಲಿ ಮೂರು ವರ್ಷದ ಮೊಮ್ಮಗ ಇದ್ದಾನೆ, ಕರೆಂಟ್ ತಗೊಂಡು ಬಂದು ಅವನನ್ನು ಮುಟ್ಟಬಹುದಾ ಅಂತ ಕೇಳುತ್ತಾ ಇದ್ದಾರೆ.

ಉತ್ತರ: ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ನಾನು ಔಷಧಿ ಬರೆಯುವ ಡಾಕ್ಟರ್ ಅಲ್ಲ, ಮೆಡಿಕಲ್ ಫಿಸಿಸಿಸ್ಟ್. ಯಾವ ಜಾಗಕ್ಕೆ ಎಷ್ಟು ವಿಕಿರಣ ಬೇಕು ಅಂತ ಕ್ಯಾನ್ಸರ್ ತಜ್ಞರು ಹೇಳುತ್ತಾರೆ. ಅದು ಅಷ್ಟೇ ಹೋಗುವ ಹಾಗೆ, ಪಕ್ಕದ ಅಂಗಕ್ಕೆ ಆದಷ್ಟು ಕಡಿಮೆ ಬೀಳುವ ಹಾಗೆ ಲೆಕ್ಕ ಹಾಕುವುದು, ಮೆಷಿನ್ ಆ ಲೆಕ್ಕದಂತೆಯೇ ನಡೆಯುತ್ತಿದೆಯಾ ಅಂತ ದಿನಾ ಅಳೆಯುವುದು ನಮ್ಮ ಕೆಲಸ. ರೋಗಿಗಳಿಗೆ ನಾವು ಹೆಚ್ಚಾಗಿ ಕಾಣಿಸುವುದೇ ಇಲ್ಲ. ಆದರೆ ನೀವು ಕೇಳಿರುವುದೆಲ್ಲ ನಮ್ಮ ಟೇಬಲ್ ಮೇಲೆ ದಿನಾ ಇರುವ ವಿಷಯವೇ.

ಕಾರ್ಡಿಗೂ 15 ದಿನಕ್ಕೂ ಸಂಬಂಧ ಇಲ್ಲ. ಕೈಯಿಂದ ಪೂರ್ತಿ ದುಡ್ಡು ಕಟ್ಟಿ ಮಾಡಿಸುವವರಿಗೂ ಇವತ್ತು ಇದೇ 15 ದಿನ. ಲಂಡನ್‌ನಲ್ಲಿ ಮಾಡಿಸಿದರೂ ಸಾಮಾನ್ಯವಾಗಿ ಇಡೀ ಸ್ತನಕ್ಕೆ ಇದಕ್ಕಿಂತ ಜಾಸ್ತಿ ದಿನ ಕೊಡುವುದಿಲ್ಲ. ದೊಡ್ಡಮ್ಮನಿಗೆ ಕೊಟ್ಟದ್ದು ತಪ್ಪು ಅಂತಲೂ ಅಲ್ಲ. ಹಳೆಯ ಕ್ರಮ ಇಲ್ಲಿ ಬಹಳ ವರ್ಷ ನಡೆಯಿತು, ಅದರಿಂದ ಸಾವಿರಾರು ಜನ ಗುಣವಾಗಿದ್ದಾರೆ.

ಹಾಗಾದರೆ ದಿನ ಕಡಿಮೆ ಆದದ್ದು ಹೇಗೆ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಡಿಮೆ ದಿನ ಅಂದರೆ ಕಡಿಮೆ ಚಿಕಿತ್ಸೆ ಅನ್ನುವ ಭಯ ಇಲ್ಲಿಂದಲೇ ಹುಟ್ಟುತ್ತದೆ.

ವಿಕಿರಣವನ್ನು ಗ್ರೇ ಅನ್ನುವ ಅಳತೆಯಲ್ಲಿ ಲೆಕ್ಕ ಹಾಕುತ್ತೇವೆ. ಹಳೆಯ ಕ್ರಮದಲ್ಲಿ ದಿನಕ್ಕೆ 2 ಗ್ರೇ, 25 ದಿನ, ಒಟ್ಟು 50 ಗ್ರೇ. ಈಗಿನದರಲ್ಲಿ ದಿನಕ್ಕೆ ಸುಮಾರು 2.67 ಗ್ರೇ, 15 ದಿನ, ಒಟ್ಟು 40 ಗ್ರೇ. ನಿಮ್ಮ ಊರಿನ ಕಡೆಯ ಮಾತಿನಲ್ಲೇ ಹೇಳುತ್ತೇನೆ. ವಾರವಿಡೀ ಜಿಟಿಜಿಟಿ ಹಿಡಿದ ಮಳೆ ಹೊಲದೊಳಗೆ ಇಂಗುತ್ತದೆ. ಅಷ್ಟೇ ನೀರು ಒಂದೇ ಸಂಜೆ ಸುರಿದರೆ ಬದು ಒಡೆದು ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ನೀರಿನ ಲೆಕ್ಕ ಒಂದೇ, ಪರಿಣಾಮ ಬೇರೆ. ವಿಕಿರಣವೂ ಹಾಗೆಯೇ. ದಿನದ ಡೋಸ್ ಜಾಸ್ತಿ ಮಾಡಿದರೆ ಪ್ರತಿ ಗ್ರೇಯ ಹೊಡೆತವೂ ಜೋರಾಗುತ್ತದೆ. ಹಾಗಾಗಿ ಒಟ್ಟು ಡೋಸ್ ಇಳಿಸಲೇಬೇಕು. 50ರ ಕೆಲಸವನ್ನು 40 ಮಾಡುವುದು ಹೀಗೆ.

ಮೊದಲಿನವರು ಸಣ್ಣ ಸಣ್ಣ ಡೋಸ್ ಕೊಡುತ್ತಿದ್ದುದಕ್ಕೂ ಕಾರಣ ಇತ್ತು. ವಿಕಿರಣ ಜೀವಕೋಶದ ಡಿಎನ್‌ಎ ಕತ್ತರಿಸುತ್ತದೆ. ಇವತ್ತಿನ ಸಿಟ್ಟಿಂಗ್‌ಗೂ ನಾಳೆಯದಕ್ಕೂ ನಡುವೆ ಆರೋಗ್ಯವಂತ ಕೋಶಗಳು ಅದನ್ನು ರಿಪೇರಿ ಮಾಡಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳಿಗೆ ಆ ಕೆಲಸ ಅಷ್ಟು ಚೆನ್ನಾಗಿ ಬರುವುದಿಲ್ಲ. ದಿನದ ಡೋಸ್ ಸಣ್ಣದಿದ್ದಷ್ಟೂ ಆರೋಗ್ಯವಂತ ಕೋಶಕ್ಕೆ ಲಾಭ ಅನ್ನುವುದು ಲೆಕ್ಕಾಚಾರ. ಗಂಟಲು, ಗರ್ಭಕೊರಳು ಮುಂತಾದ ಕಡೆ ಈ ಲೆಕ್ಕ ಚೆನ್ನಾಗಿಯೇ ಕೂಡುತ್ತದೆ. ಆದರೆ ಸ್ತನದ ಕ್ಯಾನ್ಸರ್ ಬೇರೆ ತರಹದ್ದು ಅಂತ ನಿಧಾನವಾಗಿ ಗೊತ್ತಾಯಿತು. ದಿನದ ಡೋಸ್ ಎಷ್ಟು ದೊಡ್ಡದು ಅನ್ನುವುದಕ್ಕೆ ಅದು ಸುತ್ತಲಿನ ಆರೋಗ್ಯವಂತ ಭಾಗದ ಹಾಗೆಯೇ ಸ್ಪಂದಿಸುತ್ತದೆ. ಅಂದಮೇಲೆ ವಾರಕ್ಕೆ ಐದು ದಿನದಂತೆ ಐದು ವಾರ ಎಳೆದರೆ ವಿಶೇಷ ಲಾಭ ಏನೂ ಇಲ್ಲ.

ಇದು ಬರೀ ಕಾಗದದ ಮೇಲಿನ ಲೆಕ್ಕ ಅಲ್ಲ. ಕೆನಡಾದಲ್ಲಿ 1,234 ಹೆಂಗಸರ ಮೇಲೆ 16 ದಿನದ ಕ್ರಮವನ್ನು 25 ದಿನದ ಕ್ರಮದ ಜೊತೆ ಹೋಲಿಸಿ, 10 ವರ್ಷದ ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಿದರು. ಬ್ರಿಟನ್‌ನ ಸ್ಟಾರ್ಟ್ ಅಧ್ಯಯನಗಳಲ್ಲಿ 4,451 ಹೆಂಗಸರು ಇದ್ದರು. ಅಲ್ಲಿನ ಒಂದು ಅಧ್ಯಯನ ನೋಡಿದ್ದು ನಿಮ್ಮ ಅಮ್ಮನಿಗೆ ಹೇಳಿರುವ 15 ದಿನದ 40 ಗ್ರೇಯನ್ನೇ. ಅದರ 10 ವರ್ಷದ ಫಲಿತಾಂಶ 2013ರಲ್ಲಿ ಬಂತು. ಕ್ಯಾನ್ಸರ್ ಮರಳುವುದು ಜಾಸ್ತಿ ಆಗಲಿಲ್ಲ. ಸ್ತನ ಕುಗ್ಗುವುದು, ಚರ್ಮದ ಮೇಲೆ ಸಣ್ಣ ಕೆಂಪು ರಕ್ತನಾಳಗಳು ಎದ್ದು ಕಾಣುವುದು ಇಂಥ ತೊಂದರೆಗಳು 15 ದಿನದವರಲ್ಲಿ ಕಡಿಮೆಯೇ ಇದ್ದವು.

ಇಷ್ಟಿದ್ದರೂ ಒಪ್ಪಿಕೊಳ್ಳಲು ನಮಗೆಲ್ಲ ಯಾಕೆ ಇಷ್ಟು ವರ್ಷ ಹಿಡಿಯಿತು? ನಾನು ಈ ಕೆಲಸಕ್ಕೆ ಸೇರಿದಾಗ ಹಿರಿಯರು ದೊಡ್ಡ ಡೋಸ್ ಅಂದರೆ ಹೆದರುತ್ತಿದ್ದರು. ಅದಕ್ಕೆ ಕಾರಣ ಇತ್ತು. 1980ರ ದಶಕದಲ್ಲಿ ಬ್ರಿಟನ್‌ನ ಕೆಲವು ಕಡೆ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಹೆಂಗಸರಿಗೆ ಭುಜದಿಂದ ಕೈಗೆ ಹೋಗುವ ನರಗಳಿಗೆ ಪೆಟ್ಟಾಯಿತು. ಕೆಲವರಿಗೆ ಕೈಯೇ ಆಡದಂತಾಯಿತು. ದಿನದ ಡೋಸ್ ದೊಡ್ಡದಿತ್ತು, ಮೇಲಾಗಿ ಎದೆಯ ಭಾಗಕ್ಕೂ ಕಂಕುಳಿನ ಭಾಗಕ್ಕೂ ಕೊಡುವಾಗ ಎರಡು ಕಿರಣ ಒಂದರ ಮೇಲೊಂದು ಬಿದ್ದ ಕಡೆ ನರಗಳಿಗೆ ವಿಪರೀತ ಹೋಗಿತ್ತು. ಆ ಹೆಂಗಸರು ಸಂಘ ಕಟ್ಟಿಕೊಂಡು ಉತ್ತರ ಕೇಳಿದರು. ಅದೇ ದೇಶದಲ್ಲಿ ಸ್ಟಾರ್ಟ್‌ನಂಥ ಎಚ್ಚರದ, ವರ್ಷಗಟ್ಟಲೆ ಕಾದು ನೋಡುವ ಅಧ್ಯಯನಗಳು ನಡೆದವು. ಇವತ್ತು 15 ದಿನ ಅಂತ ನಾವು ಧೈರ್ಯವಾಗಿ ಹೇಳುವುದರ ಹಿಂದೆ ಅವರ ನೋವೂ ಇದೆ. ನನಗೆ ಇದು ಆಗಾಗ ನೆನಪಾಗುತ್ತದೆ.

ದೊಡ್ಡಮ್ಮನಿಗೆ ಮೇಲಿನ 5 ದಿನ ಕೊಟ್ಟದ್ದು ಬೂಸ್ಟ್. ಗಡ್ಡೆ ಇದ್ದ ಜಾಗಕ್ಕೆ ಮಾತ್ರ ಸ್ವಲ್ಪ ಹೆಚ್ಚಿನ ಡೋಸ್. ಈಗ ಅದನ್ನು ಆ 15 ದಿನದೊಳಗೇ ಸೇರಿಸಲು ಆಗುತ್ತದೆ. ಇಡೀ ಸ್ತನಕ್ಕೆ 40 ಗ್ರೇ ಹೋಗುವಾಗಲೇ ಗಡ್ಡೆಯ ಜಾಗಕ್ಕೆ 48 ಗ್ರೇ. ಬ್ರಿಟನ್‌ನ ಇಂಪೋರ್ಟ್ ಹೈ ಅನ್ನುವ ಅಧ್ಯಯನ 2,617 ಜನರಲ್ಲಿ ಬೂಸ್ಟನ್ನು ಹೀಗೆ 15 ದಿನದೊಳಗೇ ಸೇರಿಸುವುದನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಕೊಟ್ಟಿತು. 48 ಸಾಕು, ಅದಕ್ಕೂ ಮೇಲೆ 53ಕ್ಕೆ ಏರಿಸಿದರೆ ಲಾಭ ಇಲ್ಲ ಅಂತ ಅದರಲ್ಲೇ ಗೊತ್ತಾಯಿತು. ನಿಮ್ಮ ಅಮ್ಮನಿಗೆ ಬೂಸ್ಟ್ ಇದೆಯಾ, ಇದ್ದರೆ ಒಳಗೇ ಸೇರಿದೆಯಾ ಅಥವಾ ಕೊನೆಯಲ್ಲಿ ಬೇರೆ ದಿನ ಕೊಡುತ್ತಾರಾ ಅಂತ ಕೇಳಿಕೊಳ್ಳಿ.

ಈಗ ಹೃದಯದ ಮಾತು. ಮಾವ ಹೇಳಿದ್ದರಲ್ಲಿ ನಿಜ ಇದೆ, ಆದರೆ ಅದು ಪೂರ್ತಿ ನಿಜ ಅಲ್ಲ. ಎಡ ಸ್ತನದ ಹಿಂದೆಯೇ ಹೃದಯ ಇದೆ. ಹಿಂದಿನ ಕಾಲದ ಚಿಕಿತ್ಸೆಯಲ್ಲಿ ಅದರ ಮುಂಭಾಗಕ್ಕೆ ಕಿರಣ ತಾಗುತ್ತಿತ್ತು. ಸ್ವೀಡನ್ ಮತ್ತು ಡೆನ್ಮಾರ್ಕ್‌ನಲ್ಲಿ 1958ರಿಂದ 2001ರವರೆಗೆ ಚಿಕಿತ್ಸೆ ಪಡೆದ 2,168 ಹೆಂಗಸರ ದಾಖಲೆ ನೋಡಿ 2013ರಲ್ಲಿ ಒಂದು ವರದಿ ಬಂತು. ಹೃದಯಕ್ಕೆ ಬೀಳುವ ಸರಾಸರಿ ಡೋಸ್ ಒಂದು ಗ್ರೇ ಏರಿದರೆ ಹೃದಯಾಘಾತದಂಥ ತೊಂದರೆಯ ಸಾಧ್ಯತೆ 7.4% ಏರುತ್ತದೆ ಅಂತ ಅದು ಹೇಳಿತು. ಈ ಸಂಖ್ಯೆ ನೋಡಿ ಜನ ಗಾಬರಿಯಾಗುತ್ತಾರೆ. ನೂರರಲ್ಲಿ ಏಳು ಜನಕ್ಕೆ ಹಾರ್ಟ್ ಅಟ್ಯಾಕ್ ಅಂತ ಇದರ ಅರ್ಥ ಅಲ್ಲ. ಈಗಾಗಲೇ ಇರುವ ಸಾಧ್ಯತೆಯ ಮೇಲೆ 7.4%. ಒಬ್ಬರಿಗೆ ಆ ಸಾಧ್ಯತೆ ನೂರಕ್ಕೆ 4 ಇತ್ತು ಅಂದುಕೊಳ್ಳಿ. ಹೃದಯಕ್ಕೆ 2 ಗ್ರೇ ಬಿದ್ದರೆ ಅದು ಸುಮಾರು 4.6 ಆಗುತ್ತದೆ. ಶುಗರ್, ಬಿಪಿ ಇರುವವರಿಗೆ ಮೊದಲಿನ ಸಾಧ್ಯತೆಯೇ ಜಾಸ್ತಿ ಇರುವುದರಿಂದ ಅವರ ವಿಷಯದಲ್ಲಿ ನಾವು ಇನ್ನೂ ಹುಷಾರಾಗಿರುತ್ತೇವೆ. ಅಮ್ಮನಿಗೆ ಶುಗರ್ ಇರುವುದನ್ನು ರೇಡಿಯೇಷನ್ ಡಾಕ್ಟರಿಗೆ ಮರೆಯದೆ ಹೇಳಿ.

ಆ ವರದಿಯಲ್ಲಿ ಎಡಗಡೆ ಚಿಕಿತ್ಸೆ ಪಡೆದವರ ಹೃದಯಕ್ಕೆ ಬಿದ್ದ ಸರಾಸರಿ 6.6 ಗ್ರೇ. ಇವತ್ತು ಬರೀ ಸ್ತನಕ್ಕೆ ಕೊಡುವಾಗ, ಉಸಿರು ಹಿಡಿಸಿ ಮಾಡಿದರೆ, ನಮ್ಮ ಪ್ಲಾನ್‌ಗಳಲ್ಲಿ ಇದು ಹೆಚ್ಚಾಗಿ 1–2 ಗ್ರೇ ಆಸುಪಾಸು ಇರುತ್ತದೆ. ಈ ಉಸಿರು ಹಿಡಿಸುವ ವಿಧಾನ ಇತ್ತೀಚಿನ ವರ್ಷಗಳಲ್ಲಿ ಬಂದ ಬದಲಾವಣೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು.

ಮೇಜಿನ ಮೇಲೆ ಇಳಿಜಾರಾದ ಒಂದು ಹಲಗೆ ಇರುತ್ತದೆ. ಅದರ ಮೇಲೆ ಮಲಗಿ ಎರಡೂ ಕೈ ತಲೆಯ ಮೇಲಕ್ಕೆ ಚಾಚಿ ಹಿಡಿ ಹಿಡಿದುಕೊಳ್ಳಬೇಕು. ಗೋಡೆಯಿಂದ ಬರುವ ಲೇಸರ್ ಗೆರೆಗಳು ಮೈಮೇಲಿನ ಗುರುತಿಗೆ ಸೇರುವ ಹಾಗೆ ಟೆಕ್ನಾಲಜಿಸ್ಟ್ ಮೈಯನ್ನು ಚೂರು ಚೂರೇ ಸರಿಸುತ್ತಾರೆ. ಆಮೇಲೆ ಅವರು ಹೊರಗೆ ಹೋಗಿ ಬಾಗಿಲು ಮುಚ್ಚುತ್ತಾರೆ. ಸ್ಪೀಕರ್‌ನಲ್ಲಿ ಮಾತು ಕೇಳಿಸುತ್ತದೆ: "ಅಮ್ಮಾ, ಉಸಿರು ಒಳಗೆ ಎಳ್ಕೊಳ್ಳಿ... ಇನ್ನೂ ಸ್ವಲ್ಪ... ಸಾಕು, ಹಾಗೇ ಹಿಡೀರಿ." ಎದೆ ಉಬ್ಬಿದಾಗ ಶ್ವಾಸಕೋಶದಲ್ಲಿ ಗಾಳಿ ತುಂಬಿ ಹೃದಯ ಎದೆಗೋಡೆಯಿಂದ ಹಿಂದಕ್ಕೆ, ಕೆಳಕ್ಕೆ ಸರಿಯುತ್ತದೆ. ಸಿಟಿ ಸ್ಕ್ಯಾನ್ ಚಿತ್ರದಲ್ಲಿ ನೋಡಿದರೆ ಮೊದಲು ಕಿರಣದ ದಾರಿಯಲ್ಲಿದ್ದ ಹೃದಯದ ತುದಿ ಈಗ ಆಚೆ ಇರುತ್ತದೆ, ನಡುವೆ ಕಪ್ಪಗೆ ಗಾಳಿ ಕಾಣುತ್ತದೆ. ಸುಮಾರು 20 ಸೆಕೆಂಡ್ ಹಿಡಿದರೆ ಸಾಕು. ಅಷ್ಟರಲ್ಲಿ ಕಿರಣ ಹೋಗುತ್ತದೆ. "ಬಿಡಿ ಅಮ್ಮಾ." ಸ್ವಲ್ಪ ಸುಧಾರಿಸಿಕೊಂಡು ಮತ್ತೆ. ನಡುವೆ ಕೆಮ್ಮು ಬಂದರೆ, ಉಸಿರು ಜಾರಿದರೆ ಮೆಷಿನ್ ಕಿರಣವನ್ನು ತಾನೇ ನಿಲ್ಲಿಸುತ್ತದೆ. ಎದೆ ಎಷ್ಟು ಎತ್ತರದಲ್ಲಿದೆ ಅಂತ ಕ್ಯಾಮೆರಾ ನೋಡುತ್ತಲೇ ಇರುತ್ತದೆ.

ಪ್ರಾಣಾಯಾಮ ಮಾಡಿ ಅಭ್ಯಾಸ ಇರುವವರಿಗೆ ಇದು ಬೇಗ ಬರುತ್ತದೆ. ಇಲ್ಲದವರೂ ಮನೆಯಲ್ಲಿ ಒಂದು ವಾರ ಮಾಡಿಕೊಂಡರೆ ಸಾಕು. ಮಲಗಿ, ಕೈ ಮೇಲೆತ್ತಿ, ಉಸಿರು ಎಳೆದು, ನೀವು 20ರವರೆಗೆ ಎಣಿಸಿ. ಒಂದು ತಪ್ಪು ಮಾತ್ರ ಎಲ್ಲರೂ ಮಾಡುತ್ತಾರೆ. ಎದೆ ಮೇಲೆ ಬರಲಿ ಅಂತ ಬೆನ್ನನ್ನು ಹಲಗೆಯಿಂದ ಎತ್ತುತ್ತಾರೆ. ಆಗ ಎದೆ ಮೇಲೆ ಬಂದಂತೆ ಕಾಣುತ್ತದೆ, ಹೃದಯ ಮಾತ್ರ ಇದ್ದಲ್ಲೇ ಇರುತ್ತದೆ. ಅಮ್ಮನ ಸೊಂಟದ ಕೆಳಗೆ ನಿಮ್ಮ ಅಂಗೈ ಇಟ್ಟು ನೋಡಿ, ಬೆನ್ನು ಏಳಬಾರದು.

ನಿಮ್ಮ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇಲ್ಲದಿದ್ದರೆ? ಎಲ್ಲರಿಗೂ ಇದು ಬೇಕೇಬೇಕು ಅಂತಿಲ್ಲ. ಕೆಲವರ ಮೈಕಟ್ಟಿನಲ್ಲಿ ಹೃದಯ ಮೊದಲೇ ದೂರ ಇರುತ್ತದೆ. ಪ್ಲಾನ್ ಆದಮೇಲೆ ಡಾಕ್ಟರ್ ಹತ್ತಿರ "ಅಮ್ಮನ ಹೃದಯಕ್ಕೆ ಸರಾಸರಿ ಎಷ್ಟು ಗ್ರೇ ಬರ್ತಿದೆ ಸರ್?" ಅಂತ ನೇರವಾಗಿ ಕೇಳಿ. ಆ ಸಂಖ್ಯೆ ಪ್ರತಿ ಪ್ಲಾನ್‌ನಲ್ಲೂ ಇರುತ್ತದೆ. ಕೇಳುವುದಕ್ಕೆ ಸಂಕೋಚ ಬೇಡ. ಅದು ಜಾಸ್ತಿ ಅನ್ನಿಸಿದರೆ ಅವರೇ ಬೇರೆ ದಾರಿ ನೋಡುತ್ತಾರೆ.

ಪ್ರೋಟಾನ್ ಒಳ್ಳೆಯ ತಂತ್ರಜ್ಞಾನ. ಸಾಮಾನ್ಯ ಎಕ್ಸ್-ರೇ ಕಿರಣ ದೇಹದ ಆಚೆಗೂ ತೂರಿ ಹೋಗುತ್ತದೆ, ಪ್ರೋಟಾನ್ ನಾವು ಹೇಳಿದ ಆಳದಲ್ಲಿ ನಿಲ್ಲುತ್ತದೆ. ಚೆನ್ನೈಯಲ್ಲಿ 2019ರಿಂದ ಇದೆ, ನವಿ ಮುಂಬೈಯ ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನವರದೂ ಇದೆ. ಮಕ್ಕಳ ಗಡ್ಡೆ, ತಲೆಬುರುಡೆಯ ಬುಡದ ಗಡ್ಡೆ, ಒಮ್ಮೆ ಕರೆಂಟ್ ಕೊಟ್ಟ ಜಾಗಕ್ಕೇ ಮತ್ತೆ ಕೊಡಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. ನಿಮ್ಮ ಅಮ್ಮನ ವಿಷಯ ಹಾಗಲ್ಲ. ಕಂಕುಳಿನ ಗಂಟಿಗೆ ಕೊಡಬೇಕಿಲ್ಲ, ಉಸಿರು ಹಿಡಿಸಿದರೆ ಹೃದಯದ ಡೋಸ್ ಹೇಗೂ ಕಡಿಮೆ ಆಗುತ್ತದೆ. ಉಳಿದ ಚೂರಿಗಾಗಿ ಹೊಲ ಮಾರಿ ಚೆನ್ನೈಗೆ ಹೋಗಿ ಅಂತ ನಾನು ಹೇಳುವುದಿಲ್ಲ. ನನ್ನ ಸ್ವಂತ ಅಕ್ಕನಿಗೂ ಹೇಳುತ್ತಿರಲಿಲ್ಲ.

5 ದಿನದ ವಿಷಯಕ್ಕೆ ಬರೋಣ. ಆ ಆಸ್ಪತ್ರೆಯವರು ಹೇಳಿದ್ದೂ ಸುಳ್ಳಲ್ಲ. ಬ್ರಿಟನ್‌ನ ಫಾಸ್ಟ್-ಫಾರ್ವರ್ಡ್ ಅಧ್ಯಯನದಲ್ಲಿ 4,096 ಜನರಿಗೆ 15 ದಿನದ 40 ಗ್ರೇಯನ್ನೋ 5 ದಿನದ 26 ಅಥವಾ 27 ಗ್ರೇಯನ್ನೋ ಕೊಟ್ಟರು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಲಾಕ್‌ಡೌನ್ ನಡುವೆ, ಫಲಿತಾಂಶ ಬಂತು. ಐದು ವರ್ಷದಲ್ಲಿ ಅದೇ ಸ್ತನದಲ್ಲಿ ಕ್ಯಾನ್ಸರ್ ಮರಳಿದ್ದು 15 ದಿನದವರಲ್ಲಿ 2.1%, 5 ದಿನದ 26 ಗ್ರೇಯವರಲ್ಲಿ 1.4%. 27 ಗ್ರೇಯವರಲ್ಲಿ ಸ್ತನದ ತೊಂದರೆಗಳು ಸ್ವಲ್ಪ ಜಾಸ್ತಿ ಕಂಡವು. ಹಾಗಾಗಿ 26 ಅನ್ನು ಆರಿಸಿಕೊಂಡರು. ನೋಡಿ, ಐದು ದಿನದಲ್ಲಿ ಒಂದೇ ಒಂದು ಗ್ರೇ ವ್ಯತ್ಯಾಸ, ಅದು ಕೂಡ ಮೈಮೇಲೆ ಕಾಣುತ್ತದೆ. ನನಗೆ ಇಲ್ಲಿಯೇ ಎಚ್ಚರ ಜಾಸ್ತಿ. ದಿನಕ್ಕೆ 5.2 ಗ್ರೇ ಕೊಡುವಾಗ ಒಂದು ದಿನ ತಪ್ಪಾದರೆ ಐದನೇ ಒಂದು ಭಾಗದ ಚಿಕಿತ್ಸೆಯೇ ತಪ್ಪಾದಂತೆ. 25 ದಿನದಲ್ಲಿ ಆ ತಪ್ಪಿಗೆ ಅಷ್ಟು ತೂಕ ಇರುತ್ತಿರಲಿಲ್ಲ. ಪ್ರತಿ ದಿನ ಚಿತ್ರ ತೆಗೆದು ಜಾಗ ನೋಡಿಕೊಂಡೇ ಕೊಡುವ, ಸ್ತನದೊಳಗೆ ಎಲ್ಲೂ ಡೋಸ್ ಗುಡ್ಡೆಯಾಗದ ಹಾಗೆ ಪ್ಲಾನ್ ಮಾಡುವ ಕಡೆ 5 ದಿನ ಸರಿ. ಬೂಸ್ಟ್ ಬೇಕಾದರೆ ಅದಕ್ಕೆ ಮತ್ತೆ ದಿನ ಸೇರುತ್ತದೆ, ಆಗ 5 ದಿನದ ಉಳಿತಾಯ ಅಷ್ಟೇನೂ ಉಳಿಯುವುದಿಲ್ಲ. ನಮ್ಮ ದೇಶದಲ್ಲೂ ಕೋಲ್ಕತ್ತಾದ ಟಾಟಾ ಮೆಡಿಕಲ್ ಸೆಂಟರ್‌ನವರು ಒಂದು ವಾರ ಮತ್ತು ಮೂರು ವಾರದ ಕ್ರಮಗಳನ್ನು ಹೋಲಿಸುವ ಅಧ್ಯಯನ ಕೈಗೆತ್ತಿಕೊಂಡಿದ್ದಾರೆ.

ನಿಮ್ಮ ಜಾಗದಲ್ಲಿ ನಾನಿದ್ದರೆ? ಈಗಿನ ಆಸ್ಪತ್ರೆಯ ಮೇಲೆ ನಂಬಿಕೆ ಇದ್ದರೆ, ಬೆಂಗಳೂರಿನಲ್ಲೋ ಹಾಸನದಲ್ಲೋ ಮೂರು ವಾರ ಉಳಿಯಲು ಜಾಗ ಇದ್ದರೆ, 15 ದಿನವನ್ನೇ ಮಾಡಿಸುತ್ತಿದ್ದೆ. ಅದರ ಹಿಂದೆ ಹೆಚ್ಚು ವರ್ಷದ ಅನುಭವ ಇದೆ. ಉಳಿಯಲು ಆಗುವುದೇ ಇಲ್ಲ, ನಡುವೆ ಬಿಟ್ಟು ಬರುವ ಹಾಗಾಗುತ್ತದೆ ಅನ್ನುವ ಪರಿಸ್ಥಿತಿ ಇದ್ದರೆ 5 ದಿನದ್ದನ್ನು ಪೂರ್ತಿ ಮುಗಿಸುವುದು ಮೇಲು. ದಯವಿಟ್ಟು ಮಾಡಬಾರದ್ದು ಒಂದೇ, ಗೊಂದಲದಲ್ಲಿ ತಡ ಮಾಡಿ ಕರೆಂಟನ್ನೇ ಬಿಡುವುದು. ಗಡ್ಡೆ ಮಾತ್ರ ತೆಗೆದು ಸ್ತನ ಉಳಿಸಿದ 10,801 ಹೆಂಗಸರ ಮಾಹಿತಿಯನ್ನು ಒಟ್ಟುಹಾಕಿ 2011ರಲ್ಲಿ ಪ್ರಕಟಿಸಿದ್ದಾರೆ. ವಿಕಿರಣ ಪಡೆಯದವರಲ್ಲಿ 10 ವರ್ಷದೊಳಗೆ ಕಾಯಿಲೆ ಮರಳಿದ್ದು 35%, ಪಡೆದವರಲ್ಲಿ 19.3%. ಆಪರೇಷನ್‌ನಲ್ಲಿ ಸ್ತನ ಉಳಿಸಿದ್ದೇ ಮುಂದೆ ಕರೆಂಟ್ ಕೊಡುತ್ತೇವೆ ಅನ್ನುವ ಭರವಸೆಯ ಮೇಲೆ.

ದೊಡ್ಡಮ್ಮನಿಗೆ ಚರ್ಮ ತುಂಬಾ ಕಪ್ಪಾಗಿದ್ದರೆ ಅದನ್ನು ನೋಡಿ ಅಮ್ಮ ಹೆದರಿರಬಹುದು. ಅವರಿಗೆ ಕೊಟ್ಟದ್ದು ಹಳೆಯ ತರಹದ ಕೋಬಾಲ್ಟ್ ಮೆಷಿನ್‌ನಲ್ಲಾ ಅಂತ ಕೇಳಿ ನೋಡಿ. ಕೋಬಾಲ್ಟ್ ಕಿರಣದ ಜೋರು ಚರ್ಮದಿಂದ ಅರ್ಧ ಸೆಂಟಿಮೀಟರ್ ಒಳಗೇ ಇರುತ್ತದೆ. ಈಗಿನ ಲಿನಾಕ್ ಮೆಷಿನ್‌ನಲ್ಲಿ ಅದು ಸುಮಾರು ಒಂದೂವರೆ ಸೆಂಟಿಮೀಟರ್ ಆಳಕ್ಕೆ ಇಳಿಯುತ್ತದೆ, ಚರ್ಮಕ್ಕೆ ಅಷ್ಟು ನಿರಾಳ. ಆದರೂ ಸ್ವಲ್ಪ ಕೆಂಪು, ಕಪ್ಪು, ತುರಿಕೆ ಆಗಿಯೇ ಆಗುತ್ತದೆ. ಅದು ಚಿಕಿತ್ಸೆ ಮುಗಿದ ಒಂದೆರಡು ವಾರದಲ್ಲಿ ಜಾಸ್ತಿಯಾಗಿ ಆಮೇಲೆ ಇಳಿಯುತ್ತದೆ. ಎಲ್ಲ ಮುಗಿದಮೇಲೆ ಯಾಕೆ ಜಾಸ್ತಿ ಆಯ್ತು ಅಂತ ಗಾಬರಿಯಾಗಬೇಡಿ. ಅರಿಶಿನ, ಎಣ್ಣೆ ಹಚ್ಚುವುದು ಬೇಡ. ಮೆತ್ತನೆಯ ಹತ್ತಿ ಬಟ್ಟೆ ಹಾಕಲಿ. ಶುಗರ್ ಹತೋಟಿಯಲ್ಲಿದ್ದರೆ ಚರ್ಮ ಬೇಗ ಮಾಯುತ್ತದೆ. ಮೈಮೇಲೆ ಪೆನ್ನಿನಲ್ಲಿ ಗುರುತು ಹಾಕಿದ್ದರೆ ಉಜ್ಜಿ ತೊಳೆಯಬೇಡಿ.

ಈ ಮೆಷಿನ್ ಮೇಲೆ ನಂಬಿಕೆ ಇಡುವುದು ಹೇಗೆ ಅಂತ ಕೆಲವರು ಕೇಳುತ್ತಾರೆ. ದಿನಾ ಬೆಳಿಗ್ಗೆ ಮೊದಲ ರೋಗಿ ಬರುವ ಮೊದಲು ನಾವು ಮೈಯ ಬದಲು ಪ್ಲಾಸ್ಟಿಕ್ ಹಲಗೆಗಳನ್ನು ಜೋಡಿಸಿ, ನಡುವೆ ಬೆರಳಿನಷ್ಟು ಸಣ್ಣ ಅಳತೆಯ ಚೇಂಬರ್ ಇಟ್ಟು ಕಿರಣ ಬಿಟ್ಟು ನೋಡುತ್ತೇವೆ. ಕೋಣೆಯ ಉಷ್ಣಾಂಶ, ಗಾಳಿಯ ಒತ್ತಡ ಸೇರಿಸಿ ಲೆಕ್ಕ ಹಾಕುತ್ತೇವೆ. ಓದಿದ ಸಂಖ್ಯೆ 3% ಮೀರಿ ಆಚೀಚೆ ಹೋದರೆ ಅವತ್ತು ಮೆಷಿನ್ ಶುರು ಮಾಡುವುದಿಲ್ಲ, ಹೊರಗೆ ನಲವತ್ತು ಜನ ಕೂತಿದ್ದರೂ. ಅಂಥ ದಿನ ಬೈಸಿಕೊಂಡಿದ್ದೇನೆ. ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಇಲ್ಲದೆ ಇಂಥ ಯಾವ ಮೆಷಿನ್ನೂ ನಡೆಯುವ ಹಾಗಿಲ್ಲ. ಈಗ ಹೃದಯ, ಶ್ವಾಸಕೋಶದ ಗೆರೆಗಳನ್ನು ಸಿಟಿ ಚಿತ್ರದ ಮೇಲೆ ಕಂಪ್ಯೂಟರೇ ಕೆಲವು ನಿಮಿಷದಲ್ಲಿ ಎಳೆಯುತ್ತದೆ. ಮೊದಲು ಡಾಕ್ಟರುಗಳು ಗಂಟೆಗಟ್ಟಲೆ ಕೂತು ಮಾಡುತ್ತಿದ್ದ ಕೆಲಸ ಇದು. ಕಂಪ್ಯೂಟರ್ ಎಳೆದದ್ದನ್ನು ಡಾಕ್ಟರ್ ಒಂದೊಂದಾಗಿ ನೋಡಿ ತಿದ್ದಿ ಸಹಿ ಹಾಕಿದ ಮೇಲೇ ಮುಂದಿನ ಹೆಜ್ಜೆ.

ಇನ್ನು ಅಮ್ಮನ ಪ್ರಶ್ನೆ. ಅದನ್ನು ಕೊನೆಗೆ ಇಟ್ಟುಕೊಂಡೆ, ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಅದೇ. ತಿಂಗಳುಗಟ್ಟಲೆ ಮೊಮ್ಮಕ್ಕಳನ್ನು ದೂರ ಇಟ್ಟು ಬೇರೆ ಕೋಣೆಯಲ್ಲಿ ಮಲಗಿದ ಒಬ್ಬ ಅಜ್ಜಿಯನ್ನು ನೋಡಿದ್ದೇನೆ. ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ, ಯಾರೂ ಬೇಡ ಅಂತಲೂ ಹೇಳಿರಲಿಲ್ಲ. ಥೈರಾಯ್ಡ್ ಕ್ಯಾನ್ಸರ್‌ಗೆ ಅಯೋಡಿನ್ ಔಷಧಿ ಕುಡಿಸುತ್ತಾರೆ. ಅದು ಮೈಯೊಳಗೇ ಇದ್ದು ಕಿರಣ ಸೂಸುವುದರಿಂದ ಅವರು ಕೆಲವು ದಿನ ದೂರ ಇರಬೇಕು. ಆ ಮಾತು ಎಲ್ಲರಿಗೂ ಅನ್ವಯ ಅಂತ ಊರಲ್ಲಿ ಹರಡಿದೆ. ಅಮ್ಮನಿಗೆ ಕೊಡುವುದು ಹೊರಗಿನಿಂದ ಬರುವ ಕಿರಣ. ಟಾರ್ಚ್ ಆರಿಸಿದ ಮೇಲೆ ಗೋಡೆ ಹೊಳೆಯುತ್ತದೆಯಾ? ಮೆಷಿನ್ ನಿಂತ ಕ್ಷಣವೇ ಎಲ್ಲ ಮುಗಿಯಿತು. ಮೈಯಲ್ಲಿ, ಬಟ್ಟೆಯಲ್ಲಿ, ಉಸಿರಿನಲ್ಲಿ ಏನೂ ಉಳಿಯುವುದಿಲ್ಲ. ಊಟ ಒಟ್ಟಿಗೆ ಮಾಡಲಿ, ಮೊಮ್ಮಗನನ್ನು ಪಕ್ಕದಲ್ಲೇ ಮಲಗಿಸಿಕೊಳ್ಳಲಿ.

ಎತ್ತಿಕೊಳ್ಳುವಾಗ ಮಾತ್ರ ಬಲಗೈ ಬಳಸಲಿ. ಎಡಗಡೆ ಕಂಕುಳಲ್ಲಿ ಆಪರೇಷನ್ ಆಗಿದೆ, ಮೂರು ವರ್ಷದ ಮಗುವಿನ ಭಾರ ಅದಕ್ಕೆ ಈಗಲೇ ಬೇಡ. ಆದರೆ ಆ ಕೈಯನ್ನು ಆಡಿಸದೆ ಮಡಚಿ ಇಟ್ಟುಕೊಳ್ಳುವುದೂ ಬೇಡ. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆ ಹತ್ತುವ ಹಾಗೆ ಮೇಲಕ್ಕೆ ನಡೆಸಲಿ, ದಿನಕ್ಕೆ ನಾಲ್ಕೈದು ಸಲ, ನಿನ್ನೆಗಿಂತ ಸ್ವಲ್ಪ ಮೇಲೆ. ಕೈ ಪೂರ್ತಿ ತಲೆಯ ಮೇಲೆ ಹೋಗದಿದ್ದರೆ ಆ ಹಲಗೆಯ ಮೇಲೆ ಮಲಗುವುದೇ ಕಷ್ಟವಾಗುತ್ತದೆ. ಪ್ಲಾನ್‌ಗಾಗಿ ಮಾಡುವ ಸಿಟಿ ಸ್ಕ್ಯಾನ್‌ಗೆ ಹೋಗುವ ಮೊದಲು ಇದನ್ನು ಶುರು ಮಾಡಿಸಿ, ಇವತ್ತು ಸಂಜೆಯಿಂದಲೇ.